ದೊಡ್ಡವರು ಕಲಿಯುವ ಬಗೆಯೇ ಬೇರೆ

ಮೂರು ಮಳೆಗಾಲದ ಹಿಂದಿನ ಮಾತು. ಮೇ ತಿಂಗಳ ಎರಡನೆಯ ವಾರದಲ್ಲಿ ನಮ್ಮ ಸಂಘದ ಗೋದಾಮಿನ ಮಹಡಿಯ ಮೇಲೆ ಬೋರ್ಡೋ ದ್ರಾವಣ ತಯಾರಿಸುವ ಕುರಿತು ಒಂದು ತರಬೇತಿ ಏರ್ಪಡಿಸಿದ್ದೆವು. ಅರುವತ್ತಕ್ಕೂ ಹೆಚ್ಚು ಸದಸ್ಯರು ಬಂದಿದ್ದರು. ಬಲ್ಲವರೊಬ್ಬರು ಒಂದೂವರೆ ತಾಸು ಮಾತನಾಡಿದರು. ಪರದೆಯ ಮೇಲೆ ಚಿತ್ರಗಳನ್ನೂ ತೋರಿಸಿದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು, ದ್ರಾವಣದ ಪಿ.ಎಚ್. ಇಷ್ಟಿರಬೇಕು, ಅಂದು ಮಾಡಿದ್ದನ್ನು ಅಂದೇ ಮುಗಿಸಬೇಕು. ಎಲ್ಲರೂ ತಲೆಯಾಡಿಸಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಒಬ್ಬರೇ ಎದ್ದು ನಿಂತು, ಮೈಲುತುತ್ತದ ದರ ಈ ವರ್ಷ ಇಳಿಯುತ್ತದೆಯೇ ಎಂದು ಕೇಳಿದರು. ಉಪ್ಪಿಟ್ಟು, ಕಾಫಿ ಆಯಿತು. ಕಾರ್ಯಕ್ರಮ ಯಶಸ್ವಿಯಾಯಿತೆಂದು ನಾವೇ ನಮ್ಮ ವರದಿಯಲ್ಲಿ ಬರೆದುಕೊಂಡೆವು.

ಪುನರ್ವಸು ಮಳೆ ಬಿಡದೆ ಹೊಯ್ದಿತು. ಜುಲೈ ಕೊನೆಗೆ ಸಂಘದ ಕಚೇರಿಗೆ ಒಬ್ಬೊಬ್ಬರೇ ಕೊಳೆತು ಉದುರಿದ ಕಾಯಿಗಳನ್ನು ಹಾಳೆಯಲ್ಲಿ ಕಟ್ಟಿಕೊಂಡು ಬರತೊಡಗಿದರು. ಅವರಲ್ಲಿ ಹಲವರು ತರಬೇತಿಗೆ ಬಂದವರೇ. ಎರಡು ಎಕರೆ ತೋಟದ ಹಿರಿಯ ಸದಸ್ಯರೊಬ್ಬರು, ನಮ್ಮಲ್ಲಿ ಎಲ್ಲರೂ ಗೌಡ್ರು ಎಂದೇ ಕರೆಯುವವರು, ಸಿಟ್ಟಿನಿಂದಲ್ಲ, ಬೇಸರದಿಂದ ಹೇಳಿದರು: "ನೀವು ಹೇಳಿದ ಹಾಗೇ ಹೊಡೆಸಿದೀನಲ್ಲ ಮಾರಾಯ್ರೆ. ಇನ್ನು ಈ ತೋಟ ಮಾಡೋದೇ ಬೇಡ ಅಂತ ಮಗ ಬೆಂಗಳೂರಿಂದ ಫೋನ್ ಮಾಡ್ತಾನೆ. ನನಗೂ ಹಾಗೇ ಅನ್ನಿಸ್ತಿದೆ." ಆ ವರ್ಷ ಅವರ ಅರ್ಧಕ್ಕೂ ಹೆಚ್ಚು ಫಸಲು ಮರದ ಬುಡ ಸೇರಿತ್ತು.

ನಾವಿಬ್ಬರು ಅವರ ಮನೆಗೆ ಹೋದೆವು. ಜಗಲಿಯಲ್ಲಿ ಕುಳಿತು ಒಂದೊಂದಾಗಿ ವಿಚಾರಿಸಿದಾಗ ಸಂಗತಿ ಹೊರಬಿತ್ತು. ದ್ರಾವಣ ಕೂಡಿಸುವವರು ಗೌಡರಲ್ಲ. ಅತ್ತೆಯ ಕಾಲದಿಂದಲೂ ಅದೇ ಮನೆಗೆ ಕೆಲಸಕ್ಕೆ ಬರುತ್ತಿರುವ ಒಬ್ಬ ಹೆಣ್ಣುಮಗಳು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ತರಬೇತಿಗೆ ಅವರನ್ನು ಯಾರೂ ಕರೆದಿರಲಿಲ್ಲ. ನಾವು ಸದಸ್ಯರಿಗೆ ಮಾತ್ರ ಕಾಗದ ಹಾಕಿದ್ದೆವು. "ಗೌಡ್ರು ಒಂದಕ್ಕೊಂದು ಹಾಕು ಅಂದ್ರು, ಹಾಕ್ದೆ" ಎಂದರು ಆ ಅಕ್ಕ. ದ್ರಾವಣವನ್ನು ಹಿಂದಿನ ಸಂಜೆಯೇ ಕೂಡಿಸಿಡುತ್ತಿದ್ದರು. ಏಕೆಂದು ಕೇಳಿದರೆ ಅದಕ್ಕೂ ಅವರಲ್ಲಿ ಕಾರಣವಿತ್ತು. ಮರ ಹತ್ತುವವರು ಬೆಳಿಗ್ಗೆ ಏಳಕ್ಕೆಲ್ಲ ಬಂದು ನಿಲ್ಲುತ್ತಾರೆ. ಮೈಲುತುತ್ತ ಕರಗಲು ಒಂದು ತಾಸು ಬೇಕು. ಅಷ್ಟು ಹೊತ್ತು ಅವರನ್ನು ಸುಮ್ಮನೆ ಕೂರಿಸಿದರೆ ಆ ದಿನದ ಕೂಲಿಯ ಲೆಕ್ಕ ತಪ್ಪುತ್ತದೆ, ಮೇಲಾಗಿ ಅವರು ನಾಳೆ ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಸುಣ್ಣವೂ ಹಳೆಯದು, ಮೂಟೆಯಲ್ಲೇ ಗಾಳಿ ಕುಡಿದು ಪುಡಿಯಾದದ್ದು.

ಇನ್ನೊಂದು ಮಾತು ಗೌಡರ ಬಾಯಿಂದ ಬಂದದ್ದು ನಾವು ಹೊರಟು ನಿಂತಾಗ. "ಆ ಪಿ.ಎಚ್. ಅಂದ್ರೆ ಏನು ಅಂತ ನನಗೆ ಗೊತ್ತಾಗಲಿಲ್ಲ. ಅಷ್ಟು ಜನರ ಎದುರಿಗೆ ಹ್ಯಾಗೆ ಕೇಳೋದು?" ಅವರಿಗೆ ಆಗ ಅರುವತ್ತೊಂದು ವರ್ಷ. ಪಂಚಾಯಿತಿ ಸದಸ್ಯರಾಗಿದ್ದವರು, ಊರಿನ ನ್ಯಾಯ ಹೇಳುವವರು.

ತಪ್ಪು ಎಲ್ಲಿತ್ತೆಂದು ಓದುಗರಿಗೆ ಈಗ ಅರ್ಥವಾಗಿರಬಹುದು. ನಾವು ದೊಡ್ಡವರನ್ನು ಮಕ್ಕಳಂತೆ ಬೆಂಚಿನ ಮೇಲೆ ಕೂರಿಸಿ ಪಾಠ ಒಪ್ಪಿಸಿದ್ದೆವು.

ಮಕ್ಕಳ ಕಲಿಕೆ ಬೇರೆ, ದೊಡ್ಡವರದು ಬೇರೆ ಎಂಬ ಮಾತು ಹೊಸದಲ್ಲ. ಅದಕ್ಕೆ 'ಆಂಡ್ರಗಾಜಿ' ಎಂಬ ಹೆಸರನ್ನು ಅಲೆಕ್ಸಾಂಡರ್ ಕಾಪ್ ಎಂಬ ಜರ್ಮನ್ ಉಪಾಧ್ಯಾಯರು 1833ರಷ್ಟು ಹಿಂದೆಯೇ ಬಳಸಿದ್ದರು. ಅಮೆರಿಕದ ಮಾಲ್ಕಂ ನೋಲ್ಸ್ 1970ರಲ್ಲಿ ಬರೆದ ಪುಸ್ತಕದಿಂದ ಅದು ಎಲ್ಲೆಡೆ ಹಬ್ಬಿತು. ಅವರು ಹೇಳಿದ್ದರ ಸಾರ ನಮ್ಮ ಮಾತಿನಲ್ಲಿ ಹೀಗೆ: ಬೆಳೆದವನು ಏನನ್ನಾದರೂ ಕಲಿಯುವ ಮೊದಲು ಇದರಿಂದ ನನಗೇನು ಎಂದು ಕೇಳುತ್ತಾನೆ, ಅವನು ಖಾಲಿ ಚೀಲದೊಂದಿಗೆ ಬರುವುದಿಲ್ಲ, ಅನುಭವದ ಮೂಟೆ ಹೊತ್ತೇ ಬರುತ್ತಾನೆ, ಮುಂದೆಂದೋ ಬೇಕಾಗುವುದಕ್ಕಿಂತ ಇಂದಿನ ತೊಡಕು ಬಿಡಿಸುವುದನ್ನು ಬಯಸುತ್ತಾನೆ, ತನ್ನ ಕಲಿಕೆಯ ಹಗ್ಗ ತನ್ನ ಕೈಯಲ್ಲೇ ಇರಬೇಕೆನ್ನುತ್ತಾನೆ. ಮೊದಲು ನೋಲ್ಸ್ ಇದನ್ನು ಮಕ್ಕಳ ಶಿಕ್ಷಣಕ್ಕೆ ಎದುರಾಗಿ ನಿಲ್ಲಿಸಿದ್ದರು. ಆದರೆ ಈ ಕ್ರಮ ನಮ್ಮ ಮಕ್ಕಳಿಗೂ ಒಗ್ಗುತ್ತದೆ ಎಂದು ಶಾಲಾ ಉಪಾಧ್ಯಾಯರು ತಿಳಿಸಿದ್ದರಿಂದ, 1980ರ ಆವೃತ್ತಿಯಲ್ಲಿ ಅವರು ತಮ್ಮ ಮಾತನ್ನು ತಾವೇ ಸಡಿಲಿಸಿದರು. ಬರೆದದ್ದನ್ನು ತಿದ್ದಿಕೊಳ್ಳುವ ಪಂಡಿತರು ಅಪರೂಪ. ಆ ಕಾರಣಕ್ಕಾದರೂ ಅವರ ಮಾತಿಗೆ ಕಿವಿಗೊಡಬಹುದು.

ಮಕ್ಕಳು ಚುರುಕು, ದೊಡ್ಡವರು ಮಂದ ಎಂಬ ನಂಬಿಕೆ ಮಾತ್ರ ನಮ್ಮಲ್ಲಿ ಬಲವಾಗಿದೆ. ಕಾಫಿ ತೋಟದ ಲೈನಿನಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳನ್ನು ನೋಡಿದವರು ಇದಕ್ಕೆ ಸಾಕ್ಷಿ ಹೇಳುತ್ತಾರೆ. ಮಗು ಶಾಲೆಗೆ ಸೇರಿದ ಮರು ವರ್ಷ ಕನ್ನಡದಲ್ಲಿ ಜಗಳವಾಡುತ್ತದೆ. ಅಪ್ಪನ ಬಾಯಲ್ಲಿ ಐದು ವರ್ಷವಾದರೂ ಕೊಯ್ಲು, ಗೊಬ್ಬರ, ಬಟವಾಡೆ ಇಷ್ಟೇ. ಆದರೆ ಲೆಕ್ಕ ಸರಿಯಾಗಿ ಹಾಕಿದರೆ? ಮಗು ದಿನಕ್ಕೆ ಆರು ತಾಸು ಕನ್ನಡದ ನಡುವೆಯೇ ಕೂತಿರುತ್ತದೆ, ಆಟದಲ್ಲಿ ಮತ್ತೆರಡು ತಾಸು. ತಪ್ಪಿದರೆ ನಗುವವರೂ ಅದರ ವಾರಿಗೆಯವರೇ. ಅಪ್ಪ ದಿನವಿಡೀ ತನ್ನವರ ಜೊತೆಗೇ ಕೊಯ್ಲು ಮಾಡುತ್ತಾನೆ, ಮೇಸ್ತ್ರಿಯ ಜೊತೆ ನಾಲ್ಕು ಮಾತು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸರಿಸಮವಾಗಿ ತೂಗಿ ನೋಡಿದವರೂ ಇದ್ದಾರೆ. ಹಾಲೆಂಡಿಗೆ ಬಂದ ಇಂಗ್ಲಿಷ್ ಮಾತಿನ ಜನ ಡಚ್ ಭಾಷೆ ಕಲಿಯುವುದನ್ನು ಕ್ಯಾಥರಿನ್ ಸ್ನೋ ಮತ್ತು ಅವರ ಸಂಗಡಿಗರೊಬ್ಬರು ವರ್ಷದ ಕಾಲ ಗಮನಿಸಿ 1978ರಲ್ಲಿ ಪ್ರಕಟಿಸಿದರು. ಮೊದಲ ಕೆಲವು ತಿಂಗಳಲ್ಲಿ ಬೇಗ ಮುಂದೆ ಹೋದವರು 12ರಿಂದ 15 ವರ್ಷದವರು ಮತ್ತು ದೊಡ್ಡವರು. 3ರಿಂದ 5 ವರ್ಷದ ಮಕ್ಕಳು ಎಲ್ಲರಿಗಿಂತ ಹಿಂದಿದ್ದರು. ಎಳೆಯರ ಗೆಲುವು ಬರುವುದು ಆಮೇಲೆ, ವರ್ಷಗಳು ಉರುಳಿದ ಮೇಲೆ. ಉಚ್ಚಾರಣೆಯಲ್ಲಂತೂ ಅವರೇ ಮುಂದು. ಮಕ್ಕಳದು ನಿಧಾನವಾಗಿ ಬೇರಿಳಿಸುವ ಕಲಿಕೆ. ದೊಡ್ಡವರಿಗೆ ಆರಂಭದ ಓಟವಿದೆ, ಏಕೆಂದರೆ ಅವರು ಹೊಸದನ್ನು ಹಳೆಯದಕ್ಕೆ ಕಸಿ ಕಟ್ಟಬಲ್ಲರು.

ವಯಸ್ಸಾದ ಮೇಲೆ ಮೆದುಳು ಬಲಿತ ಅಡಿಕೆಯಂತೆ ಗಟ್ಟಿಯಾಗುತ್ತದೆ ಎನ್ನುವವರಿಗೆ ಲಂಡನ್ನಿನ ಟ್ಯಾಕ್ಸಿ ಚಾಲಕರ ಸಂಗತಿ ಹೇಳಬೇಕು. ಅಲ್ಲಿ ಪರವಾನಗಿ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಹೀಗೆ ಕಲಿಯಲು ಹೊರಟ 79 ಮಂದಿಯ ಮೆದುಳಿನ ಚಿತ್ರವನ್ನು ಮೊದಲಿಗೂ, ಅವರಲ್ಲಿ ಹಲವರದನ್ನು ಕೊನೆಗೂ ತೆಗೆದು ಹೋಲಿಸಿ, ಎಲಿನರ್ ಮಗ್ವಾಯರ್ ಮತ್ತು ಕ್ಯಾಥರಿನ್ ವುಲೆಟ್ 2011ರಲ್ಲಿ ವರದಿ ಮಾಡಿದರು. ತೇರ್ಗಡೆಯಾದ 39 ಜನರಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಮೆದುಳಿನ ಭಾಗ ಬೆಳೆದಿತ್ತು. ತೇರ್ಗಡೆಯಾಗದವರಲ್ಲಿ ಬೆಳೆದಿರಲಿಲ್ಲ. ಇವರೆಲ್ಲ ಬೆಳೆದು ನಿಂತ ಗಂಡಾಳುಗಳು. ಇದಕ್ಕೂ ಬಹಳ ಮೊದಲೇ, 1928ರಲ್ಲಿ, ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ದೊಡ್ಡವರ ಕಲಿಕೆಯ ಮೇಲೆಯೇ ಒಂದು ಪುಸ್ತಕ ಬರೆದು, ಇಪ್ಪತ್ತೈದರ ನಂತರ ಕಲಿಯುವ ಶಕ್ತಿ ಇಳಿಯುವುದು ವರ್ಷಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ ಎಂದಿದ್ದರು.

ಹಾಗೆಂದು ವಯಸ್ಸು ಲೆಕ್ಕಕ್ಕಿಲ್ಲ ಎಂದಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ನಮ್ಮ ಸಂಘದಿಂದ ಹಂಚಿದ ಕರಪತ್ರವನ್ನು ಸದಸ್ಯರು ಕೈ ಚಾಚಿ ದೂರ ಹಿಡಿದು ನೋಡಿ, ಮಡಚಿ ಕಿಸೆಗೆ ಹಾಕಿದ್ದನ್ನು ನಾವು ಕಂಡಿದ್ದೆವು. ಆಗಲೂ ನಮಗೆ ಹೊಳೆಯಲಿಲ್ಲ. ಗದ್ದಲದಲ್ಲಿ ಕಿವಿಯೂ ಮೊದಲಿನಂತಲ್ಲ. ಒಂದೇ ಏಟಿಗೆ ಹತ್ತು ಸಂಗತಿ ಹೇಳಿದರೆ ಮಗುವಿಗೂ ಉಳಿಯುವುದಿಲ್ಲ, ಹಿರಿಯರಿಗಂತೂ ಇಲ್ಲವೇ ಇಲ್ಲ. ಇಂದಿಷ್ಟು, ಎಂಟು ದಿನ ಬಿಟ್ಟು ಮತ್ತಿಷ್ಟು, ನಡುವೆ ಕೈಯಾರೆ ಮಾಡಿ ನೋಡಲು ಅವಕಾಶ. ಅಷ್ಟಿದ್ದರೆ ನಿಲ್ಲುತ್ತದೆ.

ಮರೆಯುವುದೂ ಒಂದು ಕಲಿಕೆ

ಅನುಭವ ನೆರವಾಗುವಂತೆಯೇ ಅಡ್ಡವೂ ಬರುತ್ತದೆ. ಇದಕ್ಕೆ ಕಾಫಿಯ ಉದಾಹರಣೆ ಕೊಡುತ್ತೇವೆ. ಅರೇಬಿಕಾ ಗಿಡದ ಎಲೆ ಹಳದಿಯಾಗಿ ಜೋತುಬಿದ್ದರೆ, ಮೂವತ್ತು ವರ್ಷ ತೋಟ ಮಾಡಿದವರ ಕೈ ತಾನಾಗಿ ಗೊಬ್ಬರದ ಚೀಲದ ಕಡೆ ಹೋಗುತ್ತದೆ. ಅದು ಬಿಳಿ ಕಾಂಡಕೊರಕವೂ ಇರಬಹುದು. ಬಗ್ಗಿ ಕಾಂಡವನ್ನು ಅಂಗೈಯಲ್ಲಿ ಸವರಿದರೆ ತೊಗಟೆಯ ಕೆಳಗೆ ಬಳೆಯಂತೆ ಉಬ್ಬಿದ ಗೆರೆ ಸಿಕ್ಕುತ್ತದೆ. ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಿಂದ ಡಿಸೆಂಬರಿನ ತನಕ ಮತ್ತೊಮ್ಮೆ ದುಂಬಿ ಹೊರಬೀಳುತ್ತದೆ. ಅದಕ್ಕೆ ಮೊದಲೇ ಇಂಥ ಗಿಡಗಳನ್ನು ಗುರುತಿಸಿ ತೆಗೆದು ಸುಡದಿದ್ದರೆ ಗೊಬ್ಬರ ಹಾಕಿದ್ದೂ ನಷ್ಟ, ಪಕ್ಕದ ಗಿಡವೂ ನಷ್ಟ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಇದನ್ನು ಅರ್ಧ ದಿನದಲ್ಲಿ ಹೇಳಿಕೊಡಬಹುದು, ಏಕೆಂದರೆ ಅವನು ಮರೆಯಬೇಕಾದ್ದೇನೂ ಇಲ್ಲ. ಹಳಬರಿಗೆ ಹೇಳುವಾಗ ಮೊದಲು ಅವರ ಗೊಬ್ಬರದ ತರ್ಕವನ್ನು ಪೂರ್ತಿ ಕೇಳಬೇಕು. ಆಮೇಲೆ ಅವರದೇ ತೋಟದ ಹಳದಿ ಗಿಡವೊಂದನ್ನು ಅವರಿಂದಲೇ ಸೀಳಿಸಬೇಕು. ಒಳಗಿನ ಹುಳು ಕಂಡ ಮೇಲೆ ನಮ್ಮ ಮಾತು ಬೇಕಾಗುವುದಿಲ್ಲ. ಹೀಗೆ ಸೀಳಿದ ಒಬ್ಬರು ಆ ತುಂಡನ್ನು ಜಗಲಿಯ ಕಿಟಕಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದುದು ನಮಗೆ ಗೊತ್ತು.

ಇದೇ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಇಂಡೋನೇಷ್ಯ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ. ಔಷಧಿ ಹೊಡೆದಷ್ಟೂ ಹೆಚ್ಚಾಗುತ್ತಿತ್ತು, ಏಕೆಂದರೆ ಜಿಗಿಹುಳುವನ್ನು ತಿನ್ನುವ ಜೇಡಗಳೇ ಮೊದಲು ಸಾಯುತ್ತಿದ್ದವು. 1986ರಲ್ಲಿ ಸರ್ಕಾರ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ನಿಷೇಧಿಸಿತು. ಆದರೆ ಆಜ್ಞೆಯಿಂದ ರೈತರ ನಂಬಿಕೆ ಬದಲಾಗುತ್ತದೆಯೇ? 1989ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ರೈತರ ಹೊಲಶಾಲೆಗಳು ಶುರುವಾದವು. ಸುಮಾರು 25 ಜನರ ಗುಂಪು, ವಾರಕ್ಕೊಂದು ಬೆಳಗ್ಗೆ, ಬಿತ್ತನೆಯಿಂದ ಕೊಯ್ಲಿನ ತನಕ ಗದ್ದೆಯಲ್ಲೇ ಸೇರುವುದು. ಕಂಡದ್ದನ್ನು ಬಣ್ಣದ ಕಡ್ಡಿಯಿಂದ ಚಿತ್ರ ಬರೆದು ಉಳಿದವರಿಗೆ ವಿವರಿಸುವುದು. ಈ ಹುಳು ಯಾವುದು ಎಂದು ಕೇಳಿದರೆ ಕಲಿಸುವಾತ ಹೆಸರು ಹೇಳುತ್ತಿರಲಿಲ್ಲ. ಎಲ್ಲಿ ಸಿಕ್ಕಿತು, ಏನು ಮಾಡುತ್ತಿತ್ತು ಎಂದು ಮರಳಿ ಕೇಳುತ್ತಿದ್ದ. ಜೇಡವನ್ನೂ ಜಿಗಿಹುಳುವನ್ನೂ ಒಂದೇ ಪಂಜರದಲ್ಲಿ ಬಿಟ್ಟು ರಾತ್ರಿ ಕಳೆದು ನೋಡಿದ ರೈತನಿಗೆ ಜೇಡ ತನ್ನ ಕಡೆಯದೆಂದು ಯಾರೂ ಭಾಷಣ ಮಾಡಬೇಕಾಗಲಿಲ್ಲ. ಆಮೇಲೆ ಈ ಪದ್ಧತಿ ಹತ್ತಾರು ದೇಶಗಳಿಗೆ ಹರಡಿತು.

ನಮ್ಮವರ ಅನುಭವ ಯಾವ ವಿಜ್ಞಾನಕ್ಕೂ ಕಡಿಮೆಯದೆಂದು ಭಾವಿಸಬೇಕಾಗಿಲ್ಲ. ಕಾಫಿಯ ಕೊಳೆರೋಗ ತರುವ ಬೂಷ್ಟಿಗೆ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲೇ 'ಕೊಳೆರೋಗ' ಎಂಬ ನಮ್ಮ ಮಾತು ಕುಳಿತಿದೆ. ಅಡಿಕೆಯ ಕೊಳೆರೋಗದ ಮೇಲೆ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಸಾಹೇಬರು 1910ರಲ್ಲಿ ಪುಸ್ತಿಕೆ ಹೊರತಂದು ಬೋರ್ಡೋ ದ್ರಾವಣದ ದಾರಿ ತೋರಿಸುವ ಮೊದಲೇ, ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಪಾಡುವುದನ್ನು ಮಲೆನಾಡಿನವರು ಕಂಡುಕೊಂಡಿದ್ದರು. ರೋಗಕ್ಕೆ ತೇವವೇ ಮೂಲವೆಂದು ಅವರಿಗೆ ತಿಳಿದಿತ್ತು. ಹೊಸ ಪಾಠವನ್ನು ಅಲ್ಲಿಂದ ಶುರು ಮಾಡಿದರೆ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಅಂಗಳದಲ್ಲಿ ಮೂರು ಡ್ರಮ್ಮು

ಮರು ವರ್ಷ ನಾವು ಗೋದಾಮಿನ ಮಹಡಿ ಬಿಟ್ಟು ಗೌಡರ ಅಂಗಳಕ್ಕೇ ಹೋದೆವು. ಹದಿನೈದೇ ಜನ. ಅವರಲ್ಲಿ ಏಳು ಮಂದಿ ದ್ರಾವಣ ಕೂಡಿಸುವ ಆಳುಗಳು, ಆ ಅಕ್ಕನೂ ಸೇರಿ. ಮೂರು ಪ್ಲಾಸ್ಟಿಕ್ ಡ್ರಮ್ಮು ಇಟ್ಟು, ಮೊದಲನೆಯದರಲ್ಲಿ ಬೇಕೆಂದೇ ಕೆಟ್ಟ ದ್ರಾವಣ ಮಾಡಿಸಿದೆವು: ಮೂಟೆಯ ಹಳೆ ಸುಣ್ಣ, ಅದೂ ಕಡಿಮೆ. ಅಕ್ಕನ ಕೈಯ ಕತ್ತಿಯನ್ನೇ ಒಂದೆರಡು ನಿಮಿಷ ಅದರಲ್ಲಿ ಅದ್ದಿಸಿದೆವು. ಹೊರಗೆ ತೆಗೆದಾಗ ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಹತ್ತಿತ್ತು. "ಅಯ್ಯಪ್ಪ! ಕಬ್ಬಿಣಕ್ಕೇ ಹಿಂಗಾದ್ರೆ ಎಳೆಕಾಯಿಗೆ ಏನಾಗಬಾರ್ದು!" ಎಂದರು ಅಕ್ಕ. ಸುಣ್ಣ ಸಾಲದೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣಕ್ಕೆ ಅಂಟುತ್ತದೆ, ಎಳೆಯ ಮಿಳ್ಳೆಯನ್ನು ಸುಡುವುದೂ ಅದೇ. ನಾವು ಹೇಳಬೇಕೆಂದಿದ್ದ ಮಾತನ್ನು ಅವರೇ ಹೇಳಿದ್ದರು. ಎರಡನೆಯ ಡ್ರಮ್ಮಿಗೆ ಹೊಸ ಸುಣ್ಣದ ತಿಳಿ. ಅದಕ್ಕೆ ಮೈಲುತುತ್ತದ ನೀರನ್ನು ಸಣ್ಣಗೆ ಸುರಿಯುತ್ತ, ಕೋಲಿನಿಂದ ತಿರುಗಿಸುತ್ತ ಹೋದಾಗ ತಿಳಿಯಾದ ಆಕಾಶದ ಬಣ್ಣ ಬಂತು. ಕತ್ತಿ ಅದ್ದಿದರೆ ಕತ್ತಿ ಇದ್ದ ಹಾಗೇ ಇತ್ತು. ಪಿ.ಎಚ್. ಎಂಬ ಮಾತನ್ನು ಆಗ ಹೇಳಿದೆವು. ಗೌಡರು ಮಾತ್ರವಲ್ಲ, ಎಲ್ಲರೂ ಕೇಳಿದರು. ಕಣ್ಣೆದುರಿಗೆ ಕಂಡದ್ದಕ್ಕೆ ಹೆಸರು ಬೇಕಾಗಿತ್ತು, ಅಷ್ಟೇ.

ಬೆಳಗಿನ ಏಳು ಗಂಟೆಯ ತೊಡಕು ಮಾತ್ರ ಉಳಿದಿತ್ತು. ಅದನ್ನು ಬಿಡಿಸಿದ್ದು ನಾವಲ್ಲ. ಸುಣ್ಣವನ್ನು ಸಂಜೆಯೇ ಒಂದು ಪಾತ್ರೆಯಲ್ಲಿ ನೀರೊಳಗೆ ಹಾಕಿಟ್ಟು, ಮೈಲುತುತ್ತವನ್ನು ಬಟ್ಟೆಯ ಗಂಟು ಕಟ್ಟಿ ಇನ್ನೊಂದರಲ್ಲಿ ನೀರಿನ ಮೇಲ್ಭಾಗಕ್ಕೆ ಇಳಿಬಿಟ್ಟರೆ, ಬೆಳಿಗ್ಗೆ ಕೂಡಿಸುವುದಷ್ಟೇ ಕೆಲಸವಲ್ಲವೇ ಎಂದು ಅಕ್ಕ ಕೇಳಿದರು. ಸರಿಯಾದ ಮಾತು. ಕೂಡಿಸಿದ ದ್ರಾವಣ ಹಳಸುತ್ತದೆ, ಕಣಗಳು ದಪ್ಪವಾಗಿ ತಳ ಸೇರಿ ಗೊನೆಗೆ ಅಂಟುವುದಿಲ್ಲ. ಬೇರೆ ಬೇರೆ ಇಟ್ಟರೆ ಎರಡೂ ಕೆಡುವುದಿಲ್ಲ. ಇದು ಪುಸ್ತಕದಲ್ಲೂ ಇದೆ. ಆದರೆ ಒಂದೂವರೆ ತಾಸಿನ ಭಾಷಣದಲ್ಲಿ ಇದನ್ನು ಹೇಳಬೇಕೆಂದು ನಮಗೆ ತೋಚಿರಲಿಲ್ಲ, ಏಕೆಂದರೆ ತೊಡಕು ಏನೆಂದೇ ನಾವು ಕೇಳಿರಲಿಲ್ಲ.

ಆ ವರ್ಷವೂ ಮಳೆ ಜೋರೇ ಇತ್ತು. ಗೌಡರ ತೋಟದಲ್ಲಿ ಕೊಳೆ ಬಾರದೇ ಹೋಗಲಿಲ್ಲ. ಹಳ್ಳದ ಬದಿಯ ಸಾಲಿನಲ್ಲಿ ಕಾಣಿಸಿಕೊಂಡಿತು. ಉಳಿದ ಕಡೆ ನಿಂತಿತು. ತೋಟ ಬಿಡುವ ಮಾತು ಅವರು ಆಮೇಲೆ ಎತ್ತಿಲ್ಲ. ಅಕ್ಕನನ್ನು ಈಗ ಸುತ್ತಲಿನ ನಾಲ್ಕು ಮನೆಯವರು ಜೂನ್ ಬಂತೆಂದರೆ ಕರೆದುಕೊಂಡು ಹೋಗುತ್ತಾರೆ. ಕೂಲಿಯನ್ನೂ ಅವರು ತುಸು ಏರಿಸಿಕೊಂಡಿದ್ದಾರೆ. ಅದು ಅವರ ಹಕ್ಕು ಎಂಬುದು ನಮ್ಮ ಅಭಿಪ್ರಾಯ. ಗೌಡರು ಇದಕ್ಕೆ ಒಪ್ಪುವುದಿಲ್ಲ.

ಮರ ಹತ್ತುವ ಕಲಿಕೆಯ ಬಗ್ಗೆಯೂ ಎರಡು ಮಾತು ಬರೆಯಬೇಕು, ಏಕೆಂದರೆ ಮುಂದಿನ ಕಷ್ಟ ಇರುವುದೇ ಅಲ್ಲಿ. ಹಿಂದೆ ಕೊನೆ ಕೊಯ್ಯುವವರ ಮನೆಯ ಹುಡುಗರು ಅಪ್ಪನ ಹಿಂದೆ ಓಡಾಡುತ್ತ, ಯಾರೂ ಹೇಳಿಕೊಡದೆಯೇ ತಳೆ ಹಾಕಿ ಹತ್ತುತ್ತಿದ್ದರು. ಈಗ ಆ ಹುಡುಗರು ಶಾಲೆಯಲ್ಲಿದ್ದಾರೆ. ಇರಬೇಕಾದ್ದೂ ಅಲ್ಲೇ. ಇನ್ನು ಹತ್ತಲು ಕಲಿಯುವವರು ಬೆಳೆದವರೇ. ಇವರಿಗೆ ಮಕ್ಕಳ ಹಗುರ ಮೈಯಿಲ್ಲ, ಬಿದ್ದರೆ ಏನಾಗುತ್ತದೆಂಬ ಅರಿವಿದೆ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ. ಆ ಹೆದರಿಕೆಯನ್ನು ಗೇಲಿ ಮಾಡುವವರು ಕಲಿಸಲು ಯೋಗ್ಯರಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವ ತರಬೇತಿ ಶುರು ಮಾಡಿದಾಗ ಮೊದಲು ಯಂತ್ರವನ್ನೂ ರಕ್ಷಣೆಯನ್ನೂ ಮುಂದಿಟ್ಟಿತು. ಹೆಂಗಸರೂ ಬಂದು ಕಲಿತರು. ಅಡಿಕೆಗೆ ನೆಲದಲ್ಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಹಗುರ ದೋಟಿಗಳು ಬಂದಿವೆ. ಅದನ್ನು ಹಿಡಿಯುವುದೂ ಒಂದು ಕಲೆಯೇ. ಕುತ್ತಿಗೆ ನೋವು, ತೋಳಿನ ಅದುರು ಎಲ್ಲ ಮೊದಲ ಹದಿನೈದು ದಿನ. ಒಂದು ದಿನ ಹಿಡಿದು ಆಗುವುದಿಲ್ಲವೆಂದು ಮೂಲೆಗಿಟ್ಟವರು ನಮ್ಮ ಸದಸ್ಯರಲ್ಲೇ ಇದ್ದಾರೆ. ದಿನಕ್ಕೆ ಅರ್ಧ ತಾಸು, ಹತ್ತು ಮರದಂತೆ ಎರಡು ವಾರ ಹಿಡಿದು ನೋಡಿ ಎಂದು ಅವರಲ್ಲಿ ನಮ್ಮ ವಿನಂತಿ.

ಈ ವರ್ಷದ ಬೋರ್ಡೋ ತರಬೇತಿ ಮೇ ಮೂರನೆಯ ವಾರದಿಂದ ಸದಸ್ಯರ ಮನೆಯಂಗಳಗಳಲ್ಲಿ ನಡೆಯುತ್ತದೆ. ಒಂದು ಅಂಗಳಕ್ಕೆ ಹದಿನೈದು ಜನ ಮೀರಬಾರದು. ಅಂಗಳ ಕೊಡಬಯಸುವವರು ಸಂಘದ ಕಾರ್ಯದರ್ಶಿಗಳಿಗೆ ಮೊದಲೇ ತಿಳಿಸಬೇಕು. ನಿಮ್ಮ ಮನೆಯಲ್ಲಿ ದ್ರಾವಣ ಕೂಡಿಸುವವರು ಯಾರೋ ಅವರನ್ನು ಕರೆತನ್ನಿ. ಅವರ ಆ ದಿನದ ಕೂಲಿಯನ್ನು ಹಿಡಿಯಬೇಡಿ. ಮನೆಯಲ್ಲಿರುವ ಸುಣ್ಣದ ಒಂದು ಹಿಡಿ ಮತ್ತು ಒಂದು ಕತ್ತಿ ಜೊತೆಗಿರಲಿ. ಕನ್ನಡಕ ಇರುವವರು ಕನ್ನಡಕವನ್ನೂ ತನ್ನಿ, ಆದರೂ ಈ ಸಲದ ಕರಪತ್ರವನ್ನು ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿಸಿದ್ದೇವೆ.